ಕಾರ್ಬ್ಯುರೇಟರ್ ಬಿಚ್ಚುವ ಮುನ್ನ

ಅಂಕಣ: ಗ್ಯಾರೇಜ್ ಕಡೆಯಿಂದ

ಒಂದು ವರ್ಷದ ಬಳಿಕ ಮತ್ತೆ ಸಂಘದ ಸಂಚಿಕೆಯಲ್ಲಿ ಸಿಗುತ್ತಿದ್ದೇವೆ. ಕಳೆದ ಸಲ ಬೇಸಿಗೆಯಲ್ಲಿ ಟೈರು, ಬ್ಯಾಟರಿ ನೋಡಿಕೊಳ್ಳುವ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ನಾನು ಆರಿಸಿದ್ದಲ್ಲ, ನೀವೇ ಕೇಳಿದ್ದು.

ಅಕ್ಟೋಬರ್ ಕಳೆದು ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಮರಳಿಗೆ ಹೋಗುವವರ ಹಳೆಯ ಲ್ಯಾಂಡ್ ಕ್ರೂಸರ್, ಪಟ್ರೋಲ್‌ಗಳು ಸನಾಯ್ಯಾದ ಕಡೆಗೆ ಬರಲು ಶುರುವಾಗುತ್ತವೆ. ಮೊದಲು ಆ ಗಾಡಿಯವರು ಕೇಳುತ್ತಿದ್ದದ್ದು ಒಂದೇ: "ಕಾರ್ಬ್ಯುರೇಟರ್ ಟ್ಯೂನ್ ಮಾಡಿಕೊಡಿ." ಈಗ ಕೇಳುವುದು ಬೇರೆ: "ಇದನ್ನು ಕಿತ್ತು ಇಂಜೆಕ್ಷನ್ ಹಾಕಬಹುದಾ?" ಮಾಲೀಕರು ಗ್ಯಾರೇಜಿನಲ್ಲಿ ಕೇಳುತ್ತಾರೆ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಶುಕ್ರವಾರ ಸಂಜೆ ಫೋನ್ ಮಾಡಿ ನನ್ನನ್ನು ಕೇಳುತ್ತಾರೆ. ಊರಿನ ಹಟ್ಟಿಯಲ್ಲಿ ಅಪ್ಪನ ಕಾಲದ ಅಂಬಾಸಿಡರ್ ನಿಲ್ಲಿಸಿಟ್ಟವರೂ ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಬಹುದು, ಚೆನ್ನಾಗಿಯೇ ಓಡುತ್ತದೆ. ಆದರೆ ಇಂಜೆಕ್ಷನ್ ಎಂಬುದು ರೋಗಕ್ಕೆ ಔಷಧಿಯಲ್ಲ. ಆರೋಗ್ಯವಾಗಿರುವ ಇಂಜಿನ್ನಿಗೆ ಮಾತ್ರ ಅದು ಒಳ್ಳೆಯದು. ಬಹುಪಾಲು ಕೆಲಸ ಕೆಡುವುದು ಹೊಸ ಸಾಮಾನಿನಿಂದಲ್ಲ, ಅದನ್ನು ಕೂರಿಸುವ ಮೊದಲು ನೋಡದೆ ಬಿಟ್ಟ ಹಳೆಯ ಸಾಮಾನಿನಿಂದ. ಆ ಹಳೆಯದನ್ನು ನೋಡಲು ಬೇಕಾದದ್ದು ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್‌ನ ಕಣ್ಣು ಮತ್ತು ಕಿವಿ.

ಕಾರ್ಬ್ಯುರೇಟರ್ ಮಾಡುತ್ತಿದ್ದ ಕೆಲಸ

ಮೆಕ್ಯಾನಿಕ್ ಅಲ್ಲದ ಓದುಗರಿಗಾಗಿ ಎರಡು ಮಾತು. ಪೆಟ್ರೋಲ್ ಸರಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಕಡಿಮೆಯಾದರೆ ಅದನ್ನು 'ಲೀನ್' ಎನ್ನುತ್ತೇವೆ. ಇಂಜಿನ್ ಬಿಸಿಯಾಗುತ್ತದೆ, ಎಳೆಯುವುದಿಲ್ಲ. ಹೆಚ್ಚಾದರೆ 'ರಿಚ್', ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಖಾಲಿಯಾಗುವ ಪರ್ಸು.

ಈ ಲೆಕ್ಕವನ್ನು ಕಾರ್ಬ್ಯುರೇಟರ್ ವಿದ್ಯುತ್ತಿನ ಹಂಗಿಲ್ಲದೆ ಮಾಡುತ್ತಿತ್ತು. ಗಾಳಿ ಕಿರಿದಾದ ಕುತ್ತಿಗೆಯಲ್ಲಿ ನುಗ್ಗುವಾಗ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಆ ಕಡಿಮೆ ಒತ್ತಡ ಪಕ್ಕದ ಬಟ್ಟಲಿನಿಂದ ಜೆಟ್ಟಿನ ಸಣ್ಣ ತೂತಿನ ಮೂಲಕ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಬಟ್ಟಲಿನಲ್ಲಿ ಮಟ್ಟ ಕಾಯಲು ಒಂದು ಫ್ಲೋಟ್. ನಮ್ಮ ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂತೆ. ತಣ್ಣಗಿದ್ದಾಗ ಚೋಕ್, ಕಾಲು ಒತ್ತಿದಾಗ ಒಂದು ಪಿಚಕಾರಿ ಪಂಪು, ನಿಂತಾಗ ಐಡಲ್ ಜೆಟ್. ನೂರು ವರ್ಷ ಜಗತ್ತು ಓಡಿದ್ದು ಈ ಬುದ್ಧಿವಂತಿಕೆಯಿಂದ. ಅದನ್ನು ಹೀಯಾಳಿಸುವ ಹಕ್ಕು ನಮಗೆ ಯಾರಿಗೂ ಇಲ್ಲ.

ಆದರೆ ಈ ನಾಡಿನಲ್ಲಿ ಅದಕ್ಕೆ ಮೂರು ಕಷ್ಟ. ಮೊದಲನೆಯದು ಬಿಸಿ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35-40 ಡಿಗ್ರಿಯಲ್ಲೇ ಆವಿಯಾಗಲು ಶುರುವಾಗುತ್ತವೆ. ಹೊರಗೆ 45 ಡಿಗ್ರಿ ಇದ್ದರೆ ಬಾನೆಟ್ ಒಳಗಿನ ಬಿಸಿ ನೀವೇ ಊಹಿಸಿ. ಬಿಸಿ ಇಂಜಿನ್ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ಸುರಿದಿರುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಏಳುವುದಿಲ್ಲ. ಲ್ಯಾಂಡ್ ಕ್ರೂಸರ್ 60 ಸರಣಿಯ 2ಎಫ್ ಇಂಜಿನ್ನಿನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡ್, ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬ್ಯುರೇಟರ್ ಕೂತಿರುವುದು ಕೆಂಡದ ಮೇಲೆಯೇ. ಕೆಲವು ಮಾದರಿಗಳಲ್ಲಿ ಇಂಜಿನ್ ನಿಲ್ಲಿಸಿದ ಮೇಲೆ ಕಾರ್ಬ್ಯುರೇಟರಿಗೆ ಗಾಳಿ ಹಾಕಲೆಂದೇ ಟೊಯೊಟಾದವರು ಒಂದು ಸಣ್ಣ ಫ್ಯಾನ್ ಇಟ್ಟಿದ್ದರು.

ಎರಡನೆಯದು ಮರಳ ದಿಬ್ಬ. ಗಾಡಿ ಓರೆಯಾಗಿ ನಿಂತರೆ ಬಟ್ಟಲಿನ ಪೆಟ್ರೋಲೂ ಓರೆಯಾಗುತ್ತದೆ. ಫ್ಲೋಟ್ ತಪ್ಪು ಮಟ್ಟ ತೋರಿಸುತ್ತದೆ. ಒಂದೋ ಪೆಟ್ರೋಲ್ ತುಂಬಿ ಉಸಿರು ಕಟ್ಟುತ್ತದೆ, ಇಲ್ಲವೇ ಹಸಿವಿನಿಂದ ನಿಲ್ಲುತ್ತದೆ. ಲಿವಾದಂಥ ಜಾಗದಲ್ಲಿ ದಿಬ್ಬದ ಪಕ್ಕೆಯ ಮೇಲೆ ಇಂಜಿನ್ ನಿಂತರೆ ಅದು ತಮಾಷೆಯ ಮಾತಲ್ಲ.

ಮೂರನೆಯದು ಎತ್ತರ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ, 1,900 ಮೀಟರ್ ಆಸುಪಾಸು. ಸೌದಿಯ ಅಭಾ ಇನ್ನೂ ಮೇಲೆ. ಅಲ್ಲಿ ಗಾಳಿ ಸಮುದ್ರದಂಡೆಗಿಂತ ಸುಮಾರು ಐದನೇ ಒಂದರಷ್ಟು ತೆಳು. ಶಾರ್ಜಾದಲ್ಲಿ ಕೂರಿಸಿದ ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಮೇಲೆ ಹೋದಷ್ಟೂ ಮಿಶ್ರಣ ರಿಚ್ ಆಗುತ್ತಾ ಹೋಗುತ್ತದೆ.

ಇಂಜೆಕ್ಷನ್ ಬಂದ ದಾರಿ

ಎಲೆಕ್ಟ್ರಾನಿಕ್ ಇಂಜೆಕ್ಷನ್ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಬೆಂಡಿಕ್ಸ್ ಕಂಪನಿಯ ಸಾಮಾನನ್ನು ಕ್ರೈಸ್ಲರ್‌ನವರು 1958ರ ಮಾದರಿಯ ಕೆಲವೇ ಕೆಲವು ಕಾರುಗಳಿಗೆ ಹಾಕಿದ್ದರು. ಆ ಕಾಲದ ಎಲೆಕ್ಟ್ರಾನಿಕ್ ಸಾಮಾನು ಬಿಸಿ, ತೇವ ತಡೆಯಲಿಲ್ಲ. ಬಹುಪಾಲು ಕಾರುಗಳಿಗೆ ಮತ್ತೆ ಕಾರ್ಬ್ಯುರೇಟರನ್ನೇ ಕೂರಿಸಬೇಕಾಯಿತು. ಅಂದರೆ ಮೊದಲ ಪರಿವರ್ತನೆ ನಡೆದದ್ದು ಇಂಜೆಕ್ಷನ್‌ನಿಂದ ಕಾರ್ಬ್ಯುರೇಟರಿಗೆ! ಆ ಪೇಟೆಂಟುಗಳು ಬಾಷ್ ಕಂಪನಿಗೆ ಹೋದವು. 1967ರಲ್ಲಿ ಬಾಷ್‌ನ ಡಿ-ಜೆಟ್ರಾನಿಕ್ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂದು ನೆಲೆ ನಿಂತಿತು.

ಲ್ಯಾಂಡ್ ಕ್ರೂಸರ್ ವಿಷಯದಲ್ಲಿ, 1980ರಲ್ಲಿ ಬಂದ ಎಫ್‌ಜೆ60ಕ್ಕೆ 4.2 ಲೀಟರಿನ 2ಎಫ್ ಇಂಜಿನ್, ಮೇಲೆ ಕಾರ್ಬ್ಯುರೇಟರ್. ಆ ದಶಕದ ಕೊನೆಯಲ್ಲಿ ಎಫ್‌ಜೆ62ರಲ್ಲಿ 4 ಲೀಟರಿನ 3ಎಫ್-ಇ ಬಂತು. ಕೊನೆಯ 'ಇ' ಅಕ್ಷರವೇ ಇಂಜೆಕ್ಷನ್‌ನ ಗುರುತು. ನಮ್ಮ ದೇಶದಲ್ಲಿ 1983ರಲ್ಲಿ ಬಂದ ಮಾರುತಿ 800 ಹೊಗೆ ನಿಯಮ ಬಿಗಿಯಾದಾಗ, 2000ದಲ್ಲಿ ಎಂಪಿಎಫ್‌ಐ ಆಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಹೀರೋ ಸ್ಪ್ಲೆಂಡರ್ ಬೈಕಿಗೂ ಇಂಜೆಕ್ಷನ್. ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಬೈಕ್ ಮೆಕ್ಯಾನಿಕ್ ಕೂಡ ಆ ವರ್ಷ ಹೊಸ ವಿದ್ಯೆ ಕಲಿಯಬೇಕಾಯಿತು.

ಇದರ ಕೆಲಸ ಸರಳ. ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರ್ ತನಕ ತಂದು ನಿಲ್ಲಿಸುತ್ತದೆ. ಇಂಜೆಕ್ಟರ್ ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೂಜಿಬಾಯಿ. ಅದು ಒಂದು ಸಲಕ್ಕೆ ತೆರೆದಿರುವುದು ಕೆಲವೇ ಮಿಲಿಸೆಕೆಂಡು. ಎಷ್ಟು ಹೊತ್ತು ಎಂದು ನಿರ್ಧರಿಸುವುದು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ. ಗಾಳಿಯ ಒತ್ತಡ, ಗಾಳಿಯ ಬಿಸಿ, ಇಂಜಿನ್ ನೀರಿನ ಬಿಸಿ, ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬ ವರದಿಗಳನ್ನು ಸೆನ್ಸರ್‌ಗಳು ಅದಕ್ಕೆ ಕೊಡುತ್ತಲೇ ಇರುತ್ತವೆ. ಕೊನೆಗೆ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್, ಉರಿದದ್ದು ಸರಿಯಾಗಿತ್ತೋ ಇಲ್ಲವೋ ಎಂದು ತಿರುಗಿ ವರದಿ ಕೊಡುತ್ತದೆ. ದಿಬ್ಬ, ಬೆಟ್ಟ, ಬಿಸಿಲು ಯಾವುದೇ ಇರಲಿ, ಲೆಕ್ಕ ಅಲ್ಲಲ್ಲೇ ತಿದ್ದಿಕೊಳ್ಳುತ್ತದೆ.

ಮೂರು ದಾರಿಗಳು

ಹಳೆಯ ಗಾಡಿಗೆ ಇದನ್ನು ತರಲು ಮೂರು ದಾರಿಗಳಿವೆ.

ಒಂದು, ಥ್ರಾಟಲ್ ಬಾಡಿ ಕಿಟ್. ಕಾರ್ಬ್ಯುರೇಟರ್ ಇದ್ದ ಜಾಗದಲ್ಲೇ ಕೂರುತ್ತದೆ. ಇಂಜೆಕ್ಟರ್, ಕೆಲವು ಸೆನ್ಸರ್, ಇಸಿಯು ಅದರಲ್ಲೇ ಇರುತ್ತವೆ. ಓಡಿಸುತ್ತಾ ಓಡಿಸುತ್ತಾ ತಾನೇ ಕಲಿಯುತ್ತದೆ. ಹಾಲಿ, ಫೈಟೆಕ್‌ನಂಥ ಅಮೆರಿಕದ ಕಂಪನಿಗಳದ್ದು ಹೆಸರುವಾಸಿ. ಇವು ಹೆಚ್ಚಾಗಿ ಅಲ್ಲಿನ ವಿ8 ಇಂಜಿನ್ನಿನ ಅಳತೆಯವು. ಜಪಾನಿ ಮ್ಯಾನಿಫೋಲ್ಡಿಗೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕಾಗುತ್ತದೆ.

ಎರಡು, ಅದೇ ಮನೆತನದ ಮುಂದಿನ ಇಂಜಿನ್. ಎಫ್‌ಜೆ60ಕ್ಕೆ 3ಎಫ್-ಇ ಇಡೀ ಇಂಜಿನ್, ಅದರ ವೈರಿಂಗ್, ಇಸಿಯು ಸಮೇತ. ಕಂಪನಿಯೇ ಹೊಂದಿಸಿದ ಜೋಡಿಯಾದ್ದರಿಂದ ತಲೆನೋವು ಕಡಿಮೆ. ಆದರೆ ಯಾರ್ಡಿನಲ್ಲಿ ವೈರಿಂಗ್ ಕತ್ತರಿಸದೆ ಸಿಕ್ಕಿದರೆ ಮಾತ್ರ. ಪ್ಲಗ್‌ಗಳ ಬಳಿ ಕತ್ತರಿಸಿ ಇಟ್ಟಿದ್ದರೆ ಇಂಜಿನ್ ಎಷ್ಟು ಅಗ್ಗವಾದರೂ ಬೇಡ.

ಮೂರು, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಕೂರಿಸಿ, ನಾವೇ ಲೆಕ್ಕ ತುಂಬುವ ಇಸಿಯು ಇಡುವುದು. ಫಲಿತಾಂಶ ಚೆನ್ನ. ಆದರೆ ಲೇತ್ ಕೆಲಸ, ಲ್ಯಾಪ್‌ಟಾಪ್ ಕೆಲಸ ಎರಡೂ ಬಲ್ಲವರು ಬೇಕು.

ನಮ್ಮ ಗ್ಯಾರೇಜುಗಳಿಗೆ ಹೆಚ್ಚು ಬರುವುದು ಮೊದಲನೆಯದು. ಆದ್ದರಿಂದ ಮುಂದಿನ ಮಾತುಗಳು ಅದರ ಮೇಲೆಯೇ.

ಸೆನ್ಸರ್ ಮೋಸಹೋಗುವ ಬಗೆ

ಬೇರೆಲ್ಲೋ ಕಿಟ್ ಹಾಕಿಸಿಕೊಂಡು ಬಂದ ಒಂದು ಲ್ಯಾಂಡ್ ಕ್ರೂಸರ್ ನಮ್ಮಲ್ಲಿಗೆ ಬಂತು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೊದಲಿಗಿಂತ ಹೆಚ್ಚು ಖರ್ಚು. ಭಟ್ಕಳ ಕಡೆಯ ಎಲೆಕ್ಟ್ರಿಷಿಯನ್ ಹುಡುಗ ಸ್ಕ್ರೀನ್ ನೋಡಿ ಹೇಳಿದ:

"ಅಣ್ಣ, ಲೀನ್ ಅಂತ ತೋರಿಸ್ತಾ ಇದೆ. ಪೆಟ್ರೋಲ್ ಸಾಲುವುದಿಲ್ಲವಂತೆ, ಇನ್ನೂ ಹೆಚ್ಚು ಕೊಡ್ತಾ ಇದೆ."

ಕಾರ್ಕಳದ ನಮ್ಮ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲೇ ಇದ್ದರು. "ಸಾಲದಿದ್ದರೆ ಈ ವಾಸನೆ ಎಲ್ಲಿಂದ ಮಾರಾಯ? ಒಂದು ಪ್ಲಗ್ ಬಿಚ್ಚು ನೋಡುವ" ಅಂದರು.

ಪ್ಲಗ್ ಮಸಿಯಿಂದ ಕಪ್ಪಾಗಿತ್ತು. ಅಂದರೆ ರಿಚ್. ಸ್ಕ್ರೀನ್ ಒಂದು ಹೇಳುತ್ತಿದೆ, ಪ್ಲಗ್ ಇನ್ನೊಂದು. ಇಂಜಿನ್ ತಣ್ಣಗಾಗಲು ಬಿಟ್ಟು ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ಟಿಕ್, ಟಿಕ್, ಟಿಕ್. ಹೊಗೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುಟ್ಟಿತ್ತು. ಬಿಸಿಯಾದ ಮೇಲೆ ಲೋಹ ಹಿಗ್ಗಿ ಆ ಶಬ್ದ ಅಡಗುತ್ತಿತ್ತು.

ಇದರ ಒಳಗುಟ್ಟು ಪ್ರತಿಯೊಬ್ಬರೂ ತಿಳಿದಿರಬೇಕಾದ್ದು. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಉಳಿದ ಆಕ್ಸಿಜನ್ನನ್ನು ಅಳೆಯುತ್ತದೆ. ಹೊಗೆ ಪೈಪಿನಲ್ಲಿ ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸೀಳಿದ್ದರೆ, ಹೊಗೆಯ ಅಲೆಗಳ ನಡುವೆ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಸೆನ್ಸರ್ ಆ ಗಾಳಿ ಕಂಡು "ಆಕ್ಸಿಜನ್ ಹೆಚ್ಚಿದೆ, ಮಿಶ್ರಣ ಲೀನ್" ಎನ್ನುತ್ತದೆ. ಇಸಿಯು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಿಡಿ ತಪ್ಪಿದರೂ ಇದೇ ಕಥೆ: ಉರಿಯದ ಪೆಟ್ರೋಲಿನ ಜೊತೆ ಉರಿಯದ ಆಕ್ಸಿಜನ್ನೂ ಹೊರಬರುತ್ತದೆ, ಸೆನ್ಸರ್ ಆಕ್ಸಿಜನ್ನನ್ನು ಮಾತ್ರ ನೋಡುತ್ತದೆ. ಕಂಪ್ಯೂಟರಿಗೆ ದುರುದ್ದೇಶವಿಲ್ಲ. ಅದಕ್ಕೆ ಕೊಟ್ಟ ಸಾಕ್ಷಿಯೇ ಸುಳ್ಳು.

ಹಾಗಾಗಿ ಕಿಟ್ ಪೆಟ್ಟಿಗೆ ಒಡೆಯುವ ಮೊದಲು ಇಷ್ಟು ನೋಡಿ: ಆರೂ ಸಿಲಿಂಡರಿನ ಕಂಪ್ರೆಶನ್, ವಾಲ್ವ್ ಅಂತರ, ವ್ಯಾಕ್ಯೂಮ್ ಪೈಪುಗಳು, ಡಿಸ್ಟ್ರಿಬ್ಯೂಟರ್ ಕ್ಯಾಪು, ಪ್ಲಗ್ ವೈರು, ಟೈಮಿಂಗ್, ಹೊಗೆ ಮ್ಯಾನಿಫೋಲ್ಡು, ರೇಡಿಯೇಟರ್ ಮತ್ತು ಥರ್ಮೋಸ್ಟಾಟ್. ಥರ್ಮೋಸ್ಟಾಟ್ ತೆಗೆದು ಬಿಸಾಡುವ ಚಾಳಿ ಇಲ್ಲಿ ಬಹಳ. ಇಂಜೆಕ್ಷನ್ ಗಾಡಿಯಲ್ಲಿ ಹಾಗೆ ಮಾಡಿದರೆ ನೀರು ಬೇಗ ಬಿಸಿಯಾಗುವುದಿಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಇವೆಲ್ಲ ಸರಿಮಾಡಿ ಕಾರ್ಬ್ಯುರೇಟರಿನಲ್ಲೇ ಒಮ್ಮೆ ಓಡಿಸಿ. ಹೀಗೆ ಮಾಡಿದ ಮೇಲೆ ಎಷ್ಟೋ ಗಾಡಿಗಳಿಗೆ ಇಂಜೆಕ್ಷನ್ ಬೇಕೆಂದೇ ಅನಿಸುವುದಿಲ್ಲ. ಮಾಲೀಕರ ದುಡ್ಡು ಉಳಿಯುತ್ತದೆ. ಆ ಮಾತು ಹೇಳಿದ ಮೆಕ್ಯಾನಿಕ್‌ನನ್ನು ಅವರು ಮರೆಯುವುದಿಲ್ಲ.

ಪೆಟ್ರೋಲ್ ದಾರಿಯಲ್ಲಿ ಬೆಂಕಿಯ ಭಯ

ಇದು ಈ ಲೇಖನದ ಮುಖ್ಯ ಭಾಗ. ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲಿನ ಒತ್ತಡ ಸಾಮಾನ್ಯವಾಗಿ 3ರಿಂದ 6 ಪಿಎಸ್‌ಐ. ಈಗಿನ ಥ್ರಾಟಲ್ ಬಾಡಿ ಕಿಟ್‌ಗಳಲ್ಲಿ ಅದು 58 ಪಿಎಸ್‌ಐ ಆಸುಪಾಸು. ನಿಮ್ಮ ಕಾರಿನ ಟೈರಿನಲ್ಲಿರುವುದು 35ರ ಸುತ್ತಮುತ್ತ ಎಂದರೆ ಅಂದಾಜು ಸಿಗುತ್ತದೆ. ಹಳೆಯ ಪೈಪು ಸೀಳಿದರೆ ಹನಿ ಬೀಳುತ್ತಿತ್ತು. ಈಗ ಸೂಜಿಯಷ್ಟು ತೂತಾದರೂ ಪೆಟ್ರೋಲ್ ಮಂಜಿನಂತೆ ಚಿಮ್ಮುತ್ತದೆ. ಅದರ ಕೆಳಗೇ ಕೆಂಡದಂಥ ಹೊಗೆ ಮ್ಯಾನಿಫೋಲ್ಡ್ ಇದೆ. ಮುಂದಿನದನ್ನು ಬರೆಯಬೇಕಾಗಿಲ್ಲ.

ಪೈಪಿನ ಮೇಲೆ ಅಚ್ಚಾಗಿರುವ ಅಕ್ಷರ ಓದಿ. ಜೆ30ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರ್ ಪೈಪು. ಇಂಜೆಕ್ಷನ್‌ಗೆ ಜೆ30ಆರ್9 ಬೇಕು. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಕಡೆ ಜೆ30ಆರ್10. ಅಂಗಡಿಯವನು "ಎಲ್ಲ ಒಂದೇ" ಅಂದರೂ ಒಂದೇ ಅಲ್ಲ. ಹಲ್ಲಿರುವ ಸ್ಕ್ರೂ ಕ್ಲಾಂಪು ರಬ್ಬರನ್ನು ಕಚ್ಚುತ್ತದೆ. ಇಂಜೆಕ್ಷನ್‌ಗೆ ಒಳಮೈ ನುಣುಪಾದ ಬೇರೆ ಕ್ಲಾಂಪು ಬರುತ್ತದೆ, ಅದನ್ನೇ ಹಾಕಿ. ರಬ್ಬರ್ ಪೈಪು ಎಷ್ಟು ಕಡಿಮೆ ಇರುತ್ತದೋ ಅಷ್ಟು ಒಳ್ಳೆಯದು. ಚಾಸಿಸ್ ಉದ್ದಕ್ಕೂ ಲೋಹದ ಪೈಪು, ಎರಡು ತುದಿಯಲ್ಲಿ ಮಾತ್ರ ರಬ್ಬರ್. ಸೈಲೆನ್ಸರಿನಿಂದ ದೂರ, ಕಲ್ಲು ತಾಗದ ಕಡೆ, ಕ್ಲಿಪ್ ಹಾಕಿ ಕಟ್ಟಿ.

ಪಂಪು ತಳ್ಳಲು ಹುಟ್ಟಿದ್ದು, ಎಳೆಯಲು ಅಲ್ಲ. ಆದ್ದರಿಂದ ಟ್ಯಾಂಕಿನ ಒಳಗೇ ಇದ್ದರೆ ಉತ್ತಮ. ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ, ಸದ್ದೂ ಕಡಿಮೆ. ಹೊರಗೆ ಹಾಕುವುದಾದರೆ ಟ್ಯಾಂಕಿನ ಹತ್ತಿರ, ಅದರ ತಳದ ಮಟ್ಟದಲ್ಲಿ. ಇಂಜಿನ್ ಹತ್ತಿರ ಹಾಕಿದರೆ ಬೇಸಿಗೆಯಲ್ಲಿ ಆವಿ ಎಳೆದು ಅರಚುತ್ತಾ ಸಾಯುತ್ತದೆ. ಮರಳಿಗೆ ಹೋಗುವ ಗಾಡಿಯಲ್ಲಿ ಟ್ಯಾಂಕಿನೊಳಗೆ ಪೆಟ್ರೋಲ್ ತುಳುಕದಂತೆ ತಡೆಗೋಡೆ ಇರಬೇಕು, ಇಲ್ಲವೇ ಸಣ್ಣ ಸರ್ಜ್ ಟ್ಯಾಂಕ್ ಬೇಕು. ಕಾರ್ಬ್ಯುರೇಟರಿಗೆ ತನ್ನ ಬಟ್ಟಲಿನಲ್ಲಿ ಒಂದು ಗುಟುಕು ಸಂಗ್ರಹ ಇತ್ತು. ಇಂಜೆಕ್ಟರಿಗೆ ಅದೂ ಇಲ್ಲ. ಪಂಪಿಗೆ ಒಂದು ಕ್ಷಣ ಗಾಳಿ ಸಿಕ್ಕಿದರೂ ಇಂಜಿನ್ ಮುಗ್ಗರಿಸುತ್ತದೆ.

ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪು ಹಾಕುವುದು ಈ ಹವೆಗೆ ಒಳ್ಳೆಯದು. ನಲವತ್ತು ವರ್ಷದ ಟ್ಯಾಂಕಿನಲ್ಲಿ ತುಕ್ಕು ಇದ್ದೇ ಇರುತ್ತದೆ. ಜೆಟ್ಟಿನ ತೂತಿನಲ್ಲಿ ದಾಟಿಹೋಗುತ್ತಿದ್ದ ಧೂಳು ಇಂಜೆಕ್ಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಟ್ಯಾಂಕ್ ಇಳಿಸಿ ತೊಳೆಯದೆ ಕೆಲಸ ಶುರುಮಾಡಬೇಡಿ. ತೊಳೆದ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಮಾತ್ರ ತುಂಬಿದ ಟ್ಯಾಂಕಿಗಿಂತಲೂ ಅಪಾಯ; ಒಳಗೆ ಉಳಿಯುವ ಆವಿ ಸಾಕು. ಅದನ್ನು ಆ ಕೆಲಸವನ್ನೇ ಮಾಡುವ ರೇಡಿಯೇಟರ್-ಟ್ಯಾಂಕ್ ಅಂಗಡಿಯವರಿಗೆ ಕೊಡಿ.

ಕೊನೆಯದಾಗಿ, ಪಂಪಿನ ವೈರನ್ನು ನೇರವಾಗಿ ಕೀಗೆ ಜೋಡಿಸಬೇಡಿ. ಇಸಿಯು ನಡೆಸುವ ರಿಲೇ ಮೂಲಕವೇ ಹೋಗಬೇಕು. ಇಂಜಿನ್ ತಿರುಗುವುದು ನಿಂತರೆ ಇಸಿಯು ಪಂಪನ್ನೂ ನಿಲ್ಲಿಸುತ್ತದೆ. ನೇರ ಜೋಡಿಸಿದರೆ ಅಪಘಾತದಲ್ಲಿ ಪೈಪು ಹರಿದ ಮೇಲೂ ಪಂಪು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಜೊತೆಗೆ ಡಿಕ್ಕಿಯಾದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಹಾಕಿ. ಬೆಲೆ ಹೆಚ್ಚಿಲ್ಲ. ಗಾಡಿಯಲ್ಲಿ ಒಂದು ಬೆಂಕಿ ನಂದಿಸುವ ಸಿಲಿಂಡರ್, ಗ್ಯಾರೇಜಿನಲ್ಲಿ ಕೈಗೆಟಕುವಲ್ಲಿ ಇನ್ನೊಂದು.

ವೈರಿಂಗ್ ಮತ್ತು ಅರ್ಥ್

ಹಳೆಯ ಗಾಡಿಗೆ ವಿದ್ಯುತ್ ಬೇಕಿದ್ದದ್ದು ಕಿಡಿಗೆ, ಲೈಟಿಗೆ, ಹಾರ್ನಿಗೆ. ಈಗ ಪಂಪು, ಇಂಜೆಕ್ಟರ್, ಇಸಿಯು, ಬಹಳ ಸಲ ಎಲೆಕ್ಟ್ರಿಕ್ ಫ್ಯಾನ್ ಕೂಡ. ಆಲ್ಟರ್ನೇಟರ್ ತಡೆಯುತ್ತದೋ ನೋಡಿ. ಇಸಿಯುವಿನ ಪ್ಲಸ್, ಮೈನಸ್ ಎರಡೂ ನೇರ ಬ್ಯಾಟರಿಗೆ ಹೋಗಲಿ. ಇಂಜಿನ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಇರುವ ಅರ್ಥ್ ಪಟ್ಟಿಗಳನ್ನು ಬಿಚ್ಚಿ, ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಿರಿ. "ಸೆನ್ಸರ್ ಕೆಟ್ಟಿದೆ" ಎಂದು ಬರುವ ಎಷ್ಟೋ ದೂರುಗಳು ಒಂದು ತುಕ್ಕು ಹಿಡಿದ ಅರ್ಥ್ ಬೋಲ್ಟಿನಲ್ಲಿ ಮುಗಿಯುತ್ತವೆ.

ಇಸಿಯುವನ್ನು ಎಬ್ಬಿಸುವ ಕೀ ವೈರಿನಲ್ಲಿ, ಸೆಲ್ಫ್ ಹೊಡೆಯುವಾಗಲೂ ಕರೆಂಟ್ ಇರುತ್ತದೋ ಎಂದು ಮೀಟರ್ ಇಟ್ಟು ನೋಡಿ. ಹಳೆಯ ಗಾಡಿಗಳಲ್ಲಿ ಕೆಲವು ವೈರುಗಳು ಆ ಹೊತ್ತಿಗೆ ಸತ್ತಿರುತ್ತವೆ. ಅಂಥ ವೈರಿಗೆ ಜೋಡಿಸಿದರೆ ಇಂಜಿನ್ ತಿರುಗುತ್ತದೆ, ಏಳುವುದಿಲ್ಲ. ಪ್ಲಗ್ ವೈರು ಒಳಗೆ ಬರೀ ತಾಮ್ರದ್ದಾಗಿರಬಾರದು, ರೆಸಿಸ್ಟರ್ ಇರುವುದೇ ಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲ ಇಸಿಯುವಿನ ತಲೆ ಕೆಡಿಸುತ್ತದೆ. ಸೆನ್ಸರ್ ವೈರನ್ನು ಡಿಸ್ಟ್ರಿಬ್ಯೂಟರಿನಿಂದ ದೂರ ಎಳೆಯಿರಿ. ಆಕ್ಸಿಜನ್ ಸೆನ್ಸರ್ ಪೈಪಿನ ಮೇಲ್ಭಾಗಕ್ಕೆ ಓರೆಯಾಗಿ ಬರಲಿ, ತಳದಲ್ಲಿ ಹಾಕಿದರೆ ನೀರು ನಿಂತು ಹಾಳಾಗುತ್ತದೆ. ವೆಲ್ಡಿಂಗ್ ಮಾಡುವಾಗ ಸೆನ್ಸರ್ ತೆಗೆದಿರಲಿ, ಇಸಿಯು ಕನೆಕ್ಟರ್ ಮತ್ತು ಬ್ಯಾಟರಿ ಕಳಚಿರಲಿ.

ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಕೀಯನ್ನು ಆನ್, ಆಫ್ ಎಂದು ನಾಲ್ಕೈದು ಸಲ ತಿರುಗಿಸಿ. ಪ್ರತಿ ಸಲ ಪಂಪು ಒಂದೆರಡು ಸೆಕೆಂಡ್ ಓಡಿ ಒತ್ತಡ ತುಂಬುತ್ತದೆ. ಆಮೇಲೆ ಟಾರ್ಚ್ ಹಿಡಿದು ಪ್ರತಿ ಜೋಡಣೆಯ ಮೇಲೂ ಬೆರಳಾಡಿಸಿ. ಒಣಗಿದೆ ಎಂದು ಖಾತ್ರಿಯಾದ ಮೇಲೆಯೇ ಸೆಲ್ಫ್. ಸರಿಯಾಗಿ ಕಲಿಯಲು ಅದಕ್ಕೆ ಊರ ರಸ್ತೆ, ಹೈವೇ, ಏರು, ಎಸಿ ಹಾಕಿದ ಟ್ರಾಫಿಕ್ ಎಲ್ಲವೂ ಬೇಕು. ಕೆಲವು ದಿನ ಹೀಗೆ ಓಡಿಸಿ, ಮತ್ತೊಮ್ಮೆ ಎಲ್ಲ ಬಿಗಿಮಾಡಿ, ಆಮೇಲೆ ಮರಳು.

ಕಾಗದ ಮತ್ತು ಖರ್ಚು

ಯುಎಇಯಲ್ಲಿ ಅನುಮತಿಯಿಲ್ಲದೆ ಗಾಡಿಯ ಇಂಜಿನ್ ಬದಲಾಯಿಸಿದರೆ ದಂಡವಿದೆ. ಬೇರೆ ಕೊಲ್ಲಿ ದೇಶಗಳಲ್ಲೂ ಪಾಸಿಂಗ್ ಮಾಡುವವರನ್ನು ಮೊದಲೇ ಕೇಳುವುದು ಕ್ಷೇಮ. ಇಂಜಿನ್ನೇ ಬದಲಾಯಿಸುವುದಾದರೆ ಮುಲ್ಕಿಯಾದ ಇಂಜಿನ್ ನಂಬರಿನ ಪ್ರಶ್ನೆಯೂ ಬರುತ್ತದೆ. ಊರಿನಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅಪ್ಪನ ಅಂಬಾಸಿಡರಿಗೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಈಗ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಸಿಗುವುದರಿಂದ, ಕಾರ್ಬ್ಯುರೇಟರ್ ಇಟ್ಟುಕೊಂಡರೂ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್ ಬದಲಾಯಿಸುವುದು ಅಗತ್ಯ.

ಖರ್ಚಿನ ಲೆಕ್ಕ ಹೇಳುವುದಾದರೆ ಕಿಟ್ ಒಂದೇ ಸಾವಿರ ಡಾಲರ್ ಮೀರುತ್ತದೆ. ಪಂಪು, ಪೈಪು, ಟ್ಯಾಂಕ್, ವೈರಿಂಗ್, ಕೂಲಿಗೆ ಇನ್ನೊಂದು ಅಷ್ಟೇ ಎತ್ತಿಡಿ ಎಂದು ನಾನು ಮಾಲೀಕರಿಗೆ ಮೊದಲೇ ಹೇಳುತ್ತೇನೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಪ್ರದರ್ಶನದ ಗಾಡಿಗೆ ಇದು ಬೇಡ. ಮರಳು, ಬೆಟ್ಟ, ದಿನದ ಓಡಾಟ ಇರುವ ಗಾಡಿಗೆ ಬೇಕು. ಬಿಚ್ಚಿದ ಕಾರ್ಬ್ಯುರೇಟರನ್ನು ತೊಳೆದು, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಹಾಕಿ ಮಾಲೀಕರ ಕೈಗೆ ಕೊಡಿ. ಗುಜರಿಗೆ ಹಾಕಬೇಡಿ. ನಾಳೆ ಗಾಡಿ ಮಾರುವಾಗ ಮೂಲ ಸಾಮಾನಿಗೆ ಬೆಲೆಯಿದೆ.

ನಮ್ಮ ಹುಡುಗರಿಗೆ

ಕಾರ್ಬ್ಯುರೇಟರ್ ಮಾತ್ರ ಬಲ್ಲ ಹಿರಿಯರಿಗೆ ಈಗ ಒಂದು ಅಳುಕಿದೆ. ವೀಸಾ ನವೀಕರಣದ ಹೊತ್ತಿಗೆ "ಲ್ಯಾಪ್‌ಟಾಪ್ ಬರುತ್ತದಾ?" ಎಂದು ಕೇಳುತ್ತಾರೆ ಎಂಬುದು ನಿಜ. ಲ್ಯಾಪ್‌ಟಾಪ್ ಮಾತ್ರ ಬಲ್ಲ ಹುಡುಗರಿಗೂ ಒಂದು ಕೊರತೆಯಿದೆ; ಸ್ಕ್ರೀನ್ ಹೇಳಿದ್ದನ್ನು ನಂಬಿ ಸೆನ್ಸರ್ ಮೇಲೆ ಸೆನ್ಸರ್ ಬದಲಾಯಿಸುತ್ತಾರೆ. ಮೇಲೆ ಹೇಳಿದ ಗಾಡಿ ಸರಿಯಾದದ್ದು ಇಬ್ಬರೂ ಒಂದೇ ಬಾನೆಟ್ ಕೆಳಗೆ ನಿಂತಾಗ. ಹಿರಿಯರು ಮಲ್ಟಿಮೀಟರ್ ಹಿಡಿಯುವುದು, ವೈರಿಂಗ್ ನಕ್ಷೆ ಓದುವುದು, ಸ್ಕ್ರೀನಿನ ನಾಲ್ಕು ಅಂಕಿಗಳ ಅರ್ಥ, ಇಷ್ಟು ಕಲಿತರೆ ಸಾಕು. ಒಂದು ಚಳಿಗಾಲದ ಕೆಲಸ ಅದು. ಹುಡುಗರು ಪ್ಲಗ್ಗಿನ ಬಣ್ಣ ಓದುವುದು, ವ್ಯಾಕ್ಯೂಮ್ ಗೇಜ್ ನೋಡುವುದು, ತಣ್ಣನೆಯ ಇಂಜಿನ್ನಿನ ಶಬ್ದ ಕೇಳುವುದನ್ನು ಅವರಿಂದ ಕಲಿಯಲಿ. ಅದಕ್ಕೆ ಇನ್ನೂ ಹೆಚ್ಚು ದಿನ ಬೇಕು, ಹೇಳಿಕೊಡುವವರು ಊರಿಗೆ ಮರಳುವ ಮೊದಲೇ ಆಗಬೇಕು.

ನಿಮ್ಮ ಗ್ಯಾರೇಜಿನಲ್ಲಿ ಈ ಕೆಲಸ ಬಂದರೆ ಪೈಪಿನ ಮೇಲಿನ ಅಕ್ಷರ ಮೊದಲು ಓದಿ. ಸಂಶಯವಿದ್ದರೆ ಶುಕ್ರವಾರ ಸಂಜೆ ಎಂದಿನಂತೆ ಫೋನ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಹಳೆಯ ಗಾಡಿಗಳ ಎಸಿ ಗ್ಯಾಸ್ ಬದಲಾವಣೆ ಬಗ್ಗೆ ಮಾತಾಡೋಣ.